ಇಂಗ್ಲೆಂಡಿನಲ್ಲಿ ನನ್ನ ಬಾಗಿಲು

ವಿದೇಶಕ್ಕೆ ಹೋಗಿ ಬಂದವರು ಹೇಳುವುದನ್ನು ಪೂರ್ತಿ ನಂಬಬಾರದು. ನಾನೂ ಹೋಗಿ ಬಂದವನೇ ಆದ್ದರಿಂದ ಈ ಎಚ್ಚರಿಕೆಯನ್ನು ಮೊದಲೇ ಕೊಟ್ಟುಬಿಡುತ್ತೇನೆ. ಒಂದೇ ಪ್ರಸಂಗವನ್ನು ಹತ್ತಾರು ಜನರ ಮುಂದೆ ಹೇಳಿದ ಮೇಲೆ ಅದರಲ್ಲಿ ನಡೆದದ್ದೆಷ್ಟು, ಕೇಳುವವರು ನಕ್ಕರೆಂದು ಸೇರಿಕೊಂಡದ್ದೆಷ್ಟು ಎಂಬುದು ಹೇಳುವವನಿಗೇ ತಿಳಿಯದಂತಾಗುತ್ತದೆ. ದಿನಚರಿ ಬರೆಯುವ ಅಭ್ಯಾಸವೇನೋ ನನಗೆ ಆಗಲೂ ಇತ್ತು. ಅದರಿಂದ ಹೆಚ್ಚಿನ ಉಪಕಾರವಾಗಿಲ್ಲ. ಇಂಗ್ಲೆಂಡಿನಲ್ಲಿ ನಾನು ನೆಲೆ ನಿಂತ ದಿನವೆಂದು ಯಾವುದನ್ನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೋ, ಆ ದಿನದ ಪುಟದಲ್ಲಿ "ಚಳಿ. ಸಾಬೂನು ತರಬೇಕು" ಎಂದಷ್ಟೇ ಇದೆ.

ಎಪ್ಪತ್ತರ ದಶಕದ ನಡುವಿನ ಮಾತು. ರಾಯಚೂರಿನ ಕಾಲೇಜೊಂದರಲ್ಲಿ ಭೂವಿಜ್ಞಾನ ಕಲಿಸಿಕೊಂಡಿದ್ದ ನನ್ನನ್ನು ಉತ್ತರ ಇಂಗ್ಲೆಂಡಿನ ಒಂದು ವಿಶ್ವವಿದ್ಯಾಲಯ ಒಂದು ವರ್ಷದ ಮಟ್ಟಿಗೆ ಸಂದರ್ಶಕ ವಿದ್ಯಾರ್ಥಿಯಾಗಿ ಕರೆಯಿತು. ನಮ್ಮ ಕಡೆಯ ಎರೆಮಣ್ಣಿನ ಬಗ್ಗೆ ಅಲ್ಲಿಯವರಿಗೆ ಕುತೂಹಲವಿತ್ತಂತೆ. ಮಳೆಗಾಲದಲ್ಲಿ ಚಪ್ಪಲಿಗೆ ಮೆತ್ತಿಕೊಂಡು ನಮ್ಮನ್ನು ಅರ್ಧ ಅಡಿ ಎತ್ತರ ಮಾಡುವುದು ಬಿಟ್ಟರೆ ಆ ಮಣ್ಣು ನನಗೆ ಮತ್ತೇನಾದರೂ ಮಾಡೀತೆಂದು ನಾನು ಎಣಿಸಿರಲಿಲ್ಲ. ಹೇಳಿ ಬರಲು ದೇವದುರ್ಗಕ್ಕೆ ಹೋದಾಗ ಅವ್ವ ಹವೆಯ ಬಗ್ಗೆ ಕೇಳಲಿಲ್ಲ, ವಿಮಾನದ ಬಗ್ಗೆ ಕೇಳಲಿಲ್ಲ. "ಅಲ್ಲಿ ನಿನ್ನ ಮಾತಾಡ್ಸೋರು ಯಾರದಾರ?" ಎಂದಳು. ಯಾರೂ ಇಲ್ಲವೆಂದೆ. ಅವಳ ಮುಖ ಸಣ್ಣದಾಯಿತು. ಎದುರು ಮನೆಯ ಖಾಸಿಂಚಾಚಾ ನಮ್ಮ ಕಟ್ಟೆಯ ಮೇಲೇ ಕೂತಿದ್ದರು. ಅವರದು ಬಳೆ ಅಂಗಡಿ. ಅಂಗಡಿಯಲ್ಲಿ ಇರುವುದಕ್ಕಿಂತ ನಮ್ಮ ಕಟ್ಟೆಯ ಮೇಲೆ ಇದ್ದದ್ದೇ ಹೆಚ್ಚು.

"ಅಕ್ಕಾ, ನೀ ಯಾಕ ಫಿಕರ್ ಮಾಡ್ತಿ? ಬಾಕಲಾ ತಗದಿಟ್ಟು ಕುಂತ್ರ ಸಾಕು, ಮಂದಿ ತಾವಾ ಬರ್ತಾರ" ಎಂದರು.

"ಬರಲಿಲ್ಲಂದ್ರ ಚಾಚಾ?" ಎಂದೆ ನಾನು.

"ಬರಲಿಲ್ಲಂದ್ರ ವಾಪಸ್ ಬಂದುಬಿಡು ಬೇಟಾ. ಮಂದಿ ಬರಲಾರದ ಊರಾಗ ಏನ್ ಕಲೀತಿ?"

ಅವ್ವ ಹೌದೆಂಬಂತೆ ತಲೆಯಾಡಿಸಿದಳು. ವಿಶ್ವವಿದ್ಯಾಲಯದ ಷರತ್ತುಗಳ ಜೊತೆಗೆ ಇದೂ ಒಂದು ಸೇರಿತು.

ನಮ್ಮ ಕಡೆ ಹಗಲು ಹೊತ್ತು ಬಾಗಿಲು ಹಾಕುವ ಪದ್ಧತಿಯಿಲ್ಲ. ಬೇಸಿಗೆಯಲ್ಲಿ ಬಿಸಿಗಾಳಿ ಬರದಂತೆ ಕದವನ್ನು ಮುಂದೆ ಎಳೆದುಕೊಳ್ಳುತ್ತಾರೆ, ಆದರೆ ಅಗುಳಿ ಹಾಕುವುದಿಲ್ಲ. ಅಗುಳಿ ಬಿತ್ತೆಂದರೆ ಒಳಗೆ ಏನೋ ಆಗಿದೆ ಎಂದೇ ಅರ್ಥ. ಮಾನ್ವಿಯಲ್ಲಿದ್ದ ನಮ್ಮ ಚಿಕ್ಕವ್ವ ಒಮ್ಮೆ ಮಧ್ಯಾಹ್ನ ನಿದ್ದೆ ಬಂದು ಬಾಗಿಲಿಗೆ ಅಗುಳಿ ಹಾಕಿ ಮಲಗಿದಳು. ಎದ್ದು ತೆಗೆದರೆ ಕಟ್ಟೆಯ ಮೇಲೆ ಓಣಿಯ ಹೆಂಗಸರು ಕೂತು ಅವಳ ಗುಣಗಾನ ಮಾಡುತ್ತಿದ್ದರು. "ಭಾಳ ಛಲೋ ಹೆಣಮಗಳು" ಎಂದು ಒಬ್ಬಳು ಕಣ್ಣೊರೆಸಿಕೊಳ್ಳುತ್ತಿದ್ದಳಂತೆ. ಚಿಕ್ಕವ್ವ ಅವರಿಗೆಲ್ಲ ಚಹಾ ಮಾಡಿಕೊಟ್ಟು ಕಳಿಸಬೇಕಾಯಿತು. ಬದುಕಿರುವಾಗ ತನ್ನ ಬಗ್ಗೆ ಇಷ್ಟು ಒಳ್ಳೆಯ ಮಾತು ಆ ಒಂದು ದಿನ ಮಾತ್ರ ಕೇಳಿದೆ ಎಂದು ಆಮೇಲೆ ಹೇಳುತ್ತಿದ್ದಳು.

ಇಂಥ ಕಡೆಯಿಂದ ಹೋದವನು ನಾನು. ಹಾಸ್ಟೆಲಿನಲ್ಲಿ ನನ್ನ ಕೋಣೆ ಉದ್ದನೆಯ ಓಣಿಯಂಥ ಹಾದಿಯ ಕೊನೆಗಿತ್ತು. ಎರಡೂ ಬದಿಗೆ ಬಾಗಿಲುಗಳು, ಎಲ್ಲವೂ ಮುಚ್ಚಿದವು. ಮೊದಲ ದಿನ ಇಷ್ಟೊಂದು ಕೋಣೆಗಳಲ್ಲಿ ಒಟ್ಟಿಗೇ ಏನಾಗಿರಬಹುದು ಎಂದು ಗಾಬರಿಯಾಯಿತು. ನಾನು ಚಾಚಾ ಹೇಳಿದಂತೆ ಬಾಗಿಲು ಪೂರ್ತಿ ತೆರೆದು, ಕುರ್ಚಿಯನ್ನು ಅದಕ್ಕೆ ಮುಖ ಮಾಡಿ ಹಾಕಿ, ಕೂದಲು ಬಾಚಿಕೊಂಡು ಕೂತೆ. ಹಾದು ಹೋಗುವವರು ಮುಗುಳ್ನಕ್ಕು ಹಾದೇ ಹೋದರು. ನೀರು ಕುಡಿಯಲು ಹೋಗಿ ಬರುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತಿತ್ತು. ನಾನು ತೆರೆದೆ. ಯಾರೋ ಮುಚ್ಚಿದರು. ನಾನು ಮೇಜಿನ ಕಡೆ ತಿರುಗಿ ಬರೆಯುತ್ತ ಕೂತಾಗಲೂ ಹಿಂದಿನಿಂದ ಒಂದು ಕೈ ಬಂದು, ಸದ್ದಾಗದಂತೆ ಬಾಗಿಲನ್ನು ಎಳೆದುಕೊಂಡು ಹೋಗುತ್ತಿತ್ತು. ಮನೆಗೆ ಕಳ್ಳಹೆಜ್ಜೆಯಲ್ಲಿ ಬಂದು ಬಾಗಿಲು ತೆರೆಯುವವರ ಬಗ್ಗೆ ಕೇಳಿದ್ದೆ. ಕಳ್ಳಹೆಜ್ಜೆಯಲ್ಲಿ ಬಂದು ಮುಚ್ಚಿ ಹೋಗುವವರಿಗೆ ಏನು ಹೆಸರೋ ನನಗೆ ಗೊತ್ತಿರಲಿಲ್ಲ.

ಒಂದು ದಿನ ಹಾಸ್ಟೆಲಿನ ಮೇಲ್ವಿಚಾರಕಿ ಬಂದಳು. ಎದ್ದು ನಿಂತು "ಬನ್ನಿ, ಕೂತುಕೊಳ್ಳಿ" ಎಂದೆ. ಆಕೆ ಹೊಸ್ತಿಲಾಚೆಯೇ ನಿಂತು, "ನಿಮ್ಮ ಬಾಗಿಲು ಕೆಟ್ಟಿದೆಯೇ?" ಎಂದಳು. ಇಲ್ಲವೆಂದೆ. ಅದನ್ನು ಸಂಕೋಚವೆಂದು ತಿಳಿದಳೋ ಏನೋ, ಮರುದಿನ ಬಡಗಿ ಬಂದ. ಬಾಗಿಲನ್ನು ಆಡಿಸಿ ನೋಡಿದ, ತಿರುಗಣಿಗೆ ಎಣ್ಣೆ ಬಿಟ್ಟ, "ಈಗ ಚೆನ್ನಾಗಿ ಮುಚ್ಚುತ್ತದೆ" ಎಂದು ಮುಚ್ಚಿ ತೋರಿಸಿ ಹೊರಗಿನಿಂದಲೇ ಹೊರಟುಹೋದ. ಎಣ್ಣೆ ಬಿಡುವಾಗ ಅವನದೊಂದು ಕಾಲು ಒಳಗೆ ಬಂದಿತ್ತು. ಅದನ್ನು ಲೆಕ್ಕಕ್ಕೆ ಹಿಡಿಯಬಹುದೇ ಎಂದು ಬಹಳ ಹೊತ್ತು ಯೋಚಿಸಿದೆ. ಚಾಚಾ ಒಪ್ಪಲಾರರು ಎನ್ನಿಸಿತು. ಕ್ರಿಸ್‌ಮಸ್ ರಜೆಯೊಳಗೆ ಒಬ್ಬರಾದರೂ ಒಳಗೆ ಬಂದು ಕೂರದಿದ್ದರೆ ಎರೆಮಣ್ಣನ್ನು ಅಲ್ಲಿಯೇ ಬಿಟ್ಟು ಊರಿಗೆ ಹೊರಡುವುದೆಂದು ನಿಶ್ಚಯಿಸಿದೆ. ನಗಬೇಡಿ. ಇಡೀ ದಿನದಲ್ಲಿ ಆಡಿದ ಮಾತೆಂದರೆ ಅಂಗಡಿಯವನಿಗೆ ಹೇಳಿದ ಥ್ಯಾಂಕ್ಸ್ ಒಂದೇ ಎನ್ನುವಂಥ ದಿನಗಳು ಅವು.

ಡಿಸೆಂಬರಿನ ಚಳಿ ಬಂತು. ನೆಗಡಿ, ಜ್ವರ ಎರಡೂ ಒಟ್ಟಿಗೇ ಹಿಡಿದವು. ನನ್ನ ಹಟವೂ ಚಳಿಗೆ ಸೋತಿತು. ಬಾಗಿಲು ಹಾಕಿ ಕಂಬಳಿ ಹೊದ್ದು ಮಲಗಿದೆ. ಎರಡನೆಯ ದಿನ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಪಕ್ಕದ ಕೋಣೆಯ ಆಲನ್ ಎಂಬ ಎತ್ತರದ ಹುಡುಗ. ಅವನ ಹಿಂದೆ ಇನ್ನಿಬ್ಬರು. ಆಲನ್ ಕೈಯಲ್ಲಿ ಬಿಸಿ ಸೂಪಿತ್ತೆಂದು ನಾನು ಹೇಳುತ್ತ ಬಂದಿದ್ದೇನೆ. ಬರೀ ಬಿಸ್ಕತ್ತಿದ್ದರೂ ಇದ್ದೀತು.

"ನಿನ್ನ ಬಾಗಿಲು ಮುಚ್ಚಿತ್ತು" ಎಂದ. "ನಿನ್ನೆಯಿಂದ ಮುಚ್ಚೇ ಇತ್ತು. ಒಳಗೆ ಏನೋ ಆಗಿರಬೇಕು ಅಂದುಕೊಂಡೆವು."

ನನ್ನ ಚಿಕ್ಕವ್ವನ ಕಟ್ಟೆಯ ಮೇಲೆ ಕೂತಿದ್ದ ಹೆಂಗಸರೇ ಪ್ಯಾಂಟು ತೊಟ್ಟು ಬಂದಂತಿತ್ತು. ಮೂವರೂ ಒಳಗೆ ಬಂದು ಮಂಚದ ಮೇಲೆ ಕೂತರು. ಇಷ್ಟು ದಿನ ಬಾಗಿಲು ಮುಚ್ಚುತ್ತಿದ್ದವರು ಯಾರು ಎಂದು ಕೇಳಿದೆ. ಆಲನ್ ಕೆಂಪಾದ.

"ನಾನೇ. ಬಿಸಿಲಿನ ದೇಶದವನು, ಪಾಪ, ಮರೆತುಬಿಡುತ್ತಾನೆ ಅಂದುಕೊಂಡಿದ್ದೆ. ನಿನಗೆ ನಾಚಿಕೆಯಾಗದಿರಲಿ ಅಂತ ಸದ್ದಿಲ್ಲದೆ ಮುಚ್ಚುತ್ತಿದ್ದೆ."

ನಾನು ನಮ್ಮ ಊರಿನ ಪದ್ಧತಿ ಹೇಳಿದೆ. ಅವನು ಗಂಭೀರವಾಗಿ ಕೇಳಿ, "ಹಾಗಾದರೆ ನಾವೆಲ್ಲ ಎಂದೋ ಸತ್ತಿದ್ದೆವಲ್ಲ" ಎಂದ. ಮರುದಿನದಿಂದ ಅವನ ಬಾಗಿಲು ನಾಲ್ಕು ಬೆರಳಿನಷ್ಟು ತೆರೆದಿರುತ್ತಿತ್ತು. ಇಂಗ್ಲಿಷರವನ ಮಟ್ಟಿಗೆ ಅದು ಬಾಗಿಲನ್ನು ಕಿತ್ತೇ ಇಟ್ಟಂತೆ. ನಾನು ವರ್ಷ ಪೂರ್ತಿ ಅಲ್ಲಿದ್ದೆ.

ಇದನ್ನೆಲ್ಲ ಬರೆದಿಡೋಣವೆಂದು ಇವತ್ತು ರಾಯಚೂರಿನ ಮನೆಯಲ್ಲಿ ಬೆಳಿಗ್ಗೆಯೇ ಕೂತೆ. ಗದ್ದಲ ಬೇಡವೆಂದು ಬಾಗಿಲು ಹಾಕಿಕೊಂಡಿದ್ದೆ. ಅದೊಂದು ಚಟವನ್ನು ಅಲ್ಲಿಂದ ತಂದಿದ್ದೇನೆ. ಬಳೆ ಸರಕು ಕೊಳ್ಳಲು ದೇವದುರ್ಗದಿಂದ ಬಂದಿದ್ದ ಖಾಸಿಂಚಾಚಾ ಬಾಗಿಲು ನೂಕಿಕೊಂಡು ಒಳಗೆ ಬಂದು, "ಯಾಕ ಬೇಟಾ, ಜ್ವರಾ ಬಂದಾವೇನು?" ಎಂದರು.

"ಒಂದ್ಸಲ ಬಡದು ಬರಬಾರದೇನ್ರಿ ಚಾಚಾ? ಬರಿಯಾಕತ್ತೀನಿ" ಎಂದಿತು ನನ್ನ ಬಾಯಿ.

"ಏನ್ ಬರಿಯಾಕತ್ತಿ?"

ನಾನು ಹಾಳೆಯ ಮೇಲೆ ಕೈ ಮುಚ್ಚಿದೆ. ಯಾಕೆಂದರೆ ಬಾಗಿಲು ತೆರೆದಿಟ್ಟು ಕೂರು ಎಂಬ ಚಾಚಾರ ಮಾತನ್ನೇ ಆಗಷ್ಟೇ ಬರೆದು ಮುಗಿಸಿದ್ದೆ. ಅವರು ಹಾಳೆಯ ಕಡೆ ನೋಡಿದರು, ನನ್ನ ಕಡೆ ನೋಡಿದರು. "ಬರಿ, ಬರಿ" ಎಂದು ಹೊರಗೆ ಹೋಗಿ, ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡರು. ಆಲನ್ನನಿಗೂ ಅಷ್ಟು ಮೆತ್ತಗೆ ಮುಚ್ಚಲು ಬರುತ್ತಿರಲಿಲ್ಲ.

ನಾನು ಚಪ್ಪಲಿ ಹುಡುಕಿ ಹೊರಗೆ ಓಡುವಷ್ಟರಲ್ಲಿ ಅವರು ಓಣಿ ದಾಟಿದ್ದರು. ಬಸ್‌ಸ್ಟ್ಯಾಂಡಿನವರೆಗೂ ಹೋದೆ, ದೇವದುರ್ಗದ ಬಸ್ಸು ಹೊರಟುಹೋಗಿತ್ತು. ಬಂದವನೇ ಬಾಗಿಲು ಪೂರ್ತಿ ತೆರೆದಿಟ್ಟು, ಕುರ್ಚಿಯನ್ನು ಅದಕ್ಕೆ ಮುಖ ಮಾಡಿ ಹಾಕಿಕೊಂಡು ಕೂತಿದ್ದೇನೆ. ಈವರೆಗೆ ಎದುರು ಮನೆಯ ಆಡೊಂದು ಮಾತ್ರ ಒಳಗೆ ಬಂದು, ಈ ಹಾಳೆಗಳನ್ನು ಮೂಸಿ ನೋಡಿ ಹೋಯಿತು. ಅದೂ ಬಾಗಿಲು ಬಡಿಯದೆಯೇ ಬಂದಿತ್ತು.