ಹಗುರ ಬಾನೆಟ್ಟಿನ ಕಾರು

ಭಾರವಾದದ್ದೆಲ್ಲ ಒಳ್ಳೆಯದು ಎಂದು ನಂಬಿದ ಮನೆಯಲ್ಲಿ ಹುಟ್ಟಿದವಳು ನಾನು. ನನ್ನ ಅಪ್ಪ ಹುಬ್ಬಳ್ಳಿಯ ನೂಲಿನ ಗಿರಣಿಯೊಂದರಲ್ಲಿ ಫೋರಮನ್ ಆಗಿದ್ದವರು. ಕೊಡ ಕೊಳ್ಳಲಿ, ಕೀಲಿ ಕೊಳ್ಳಲಿ, ಮೊದಲು ಅಂಗೈಯಲ್ಲಿಟ್ಟು ತೂಗಿ ನೋಡುತ್ತಿದ್ದರು. ನನಗೆ ವರನನ್ನು ನೋಡಿ ಬಂದಾಗಲೂ "ಹುಡುಗ ಛಲೋ ಅದಾನ, ಆದ್ರ ಸ್ವಲ್ಪ ಹಗುರ ಅನಸ್ತಾನ" ಎಂದಿದ್ದರು. ಆ ವರನೇ ನನ್ನ ಗಂಡ ಶಿವಾನಂದ. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾರೆ, ಈಗಲೂ ಹಗುರಾಗಿಯೇ ಇದ್ದಾರೆ. ಕೇಶ್ವಾಪುರದಲ್ಲಿ ಹಲ್ಲಿನ ಡಾಕ್ಟರಾಗಿರುವ ನಾನು ಮಾತ್ರ ತೂಕದ ವಿಷಯದಲ್ಲಿ ತವರಿನ ಮಾನ ಕಾಪಾಡಿಕೊಂಡು ಬಂದಿದ್ದೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ಅಪ್ಪನಿಗೆ ಎದೆನೋವು ಬಂತು. ಭಾರ ಎತ್ತಬೇಡಿ ಎಂದು ಡಾಕ್ಟರು ಹೇಳಿದರು. ನಮ್ಮ ಮನೆಯವರು ಡಾಕ್ಟರ ಮಾತನ್ನು ಡಾಕ್ಟರಿಗಿಂತ ಹೆಚ್ಚು ನಂಬುವವರು. ಗೋಪನಕೊಪ್ಪದಲ್ಲಿ ಅಪ್ಪನನ್ನು ನೋಡಿಕೊಳ್ಳುತ್ತಿದ್ದ ನನ್ನ ಅಣ್ಣ ಅವರ ಕೈಯಿಂದ ಕೈಚೀಲ ಕಸಿದುಕೊಂಡ, ಅತ್ತಿಗೆ ನೀರಿನ ತಂಬಿಗೆ ಕಸಿದುಕೊಂಡಳು. ನಾನು ಹೋದಾಗ ಕಸಿದುಕೊಳ್ಳಲು ಕೊಡೆಯೊಂದೇ ಉಳಿದಿತ್ತು, ಅದನ್ನೂ ಬಿಡಲಿಲ್ಲ. ಕಾರು ಓಡಿಸುವುದಂತೂ ದೂರದ ಮಾತಾಯಿತು. ಹೀಗಾಗಿ ಅವರ ಹಳೆಯ ಕೆನೆಬಣ್ಣದ ಕಾರು ನನ್ನ ಪಾಲಿಗೆ ಬಂತು. ಒಂದು ಆನೆಯನ್ನು ಅರ್ಧ ಕತ್ತರಿಸಿ ಗಾಲಿ ಜೋಡಿಸಿದರೆ ಎಷ್ಟು ಭಾರವಾಗಬಹುದೋ ಅಷ್ಟು ಭಾರದ ಕಾರು ಅದು.

ಆ ಕಾರಿಗೆ ಪೆಟ್ಟಾದದ್ದು ಬೇಸಿಗೆಯ ಒಂದು ಬೆಳಿಗ್ಗೆ, ನಮ್ಮ ಓಣಿಯಲ್ಲೇ. ನಳದಲ್ಲಿ ನೀರು ಬಾರದೆ ಎಲ್ಲರೂ ಟ್ಯಾಂಕರಿಗಾಗಿ ಕೊಡಗಳನ್ನು ಸಾಲಾಗಿಟ್ಟು ಕಾದಿದ್ದರು. ಟ್ಯಾಂಕರು ಬಂತು, ಹಿಂದೆ ಸರಿಯಿತು, ನಿಲ್ಲಬೇಕಾದಲ್ಲಿ ನಿಲ್ಲದೆ ನನ್ನ ಕಾರಿನ ಮೂತಿಯ ಮೇಲೆ ಬಂದು ಕೂತಿತು. ಬಾನೆಟ್ಟು ಹಪ್ಪಳದಂತೆ ಮುರುಟಿತು, ಎಡಗಡೆಯ ಮಡ್‌ಗಾರ್ಡು ಗಾಲಿಯನ್ನು ಅಪ್ಪಿಕೊಂಡಿತು. ಒಳಗೆ ಕೂತಿದ್ದ ನನಗೇನಾಯಿತೆಂದು ಯಾರೂ ನೋಡಲಿಲ್ಲ. ಡಿಕ್ಕಿಯ ರಭಸಕ್ಕೆ ಟ್ಯಾಂಕರಿನ ನಳ ಸಡಿಲಾಗಿ ನೀರು ಸುರಿಯತೊಡಗಿದ್ದರಿಂದ ಇಡೀ ಓಣಿ ಕೊಡ ಹಿಡಿದುಕೊಂಡು ಅಲ್ಲಿಗೆ ಓಡಿತು. ಎದುರು ಮನೆಯ ಬಸಮ್ಮ ಒಬ್ಬರೇ ಕಿಟಕಿಗೆ ಬಂದು, "ಡಾಕ್ಟರ್ ಬಾಯಿ, ಆರಾಮ ಅದೀರಿಲ್ಲರಿ? ನಿಮ್ಮ ಕೊಡಾ ಎಲ್ಲಿ ಅದಾವ ಹೇಳ್ರಿ, ತುಂಬಿಸಿಡ್ತೇನಿ" ಎಂದರು.

ಆ ಕಾಲಕ್ಕಾಗಲೇ ಅಂಥ ಕಾರಿನ ಭಾಗಗಳು ಸಿಗುವುದು ಕಷ್ಟವಾಗಿತ್ತು. ದಪ್ಪ ತಗಡನ್ನು ಬಡಿದು ಹೊಸದಾಗಿ ಮಾಡಿಸಬೇಕು, ಇಲ್ಲವೇ ಫೈಬರಿನದು ಹಾಕಿಸಬೇಕು. ಶಿವಾನಂದರಿಗೆ ಫೈಬರ್ ಎಂದ ಕೂಡಲೇ ಮುಖ ಅರಳಿತು. ಕಾರು ಹಗುರಾದರೆ ಪೆಟ್ರೋಲು ಉಳಿಯುತ್ತದೆ, ಎಂಜಿನ್ನಿಗೆ ಆಯಾಸವಿಲ್ಲ, ತುಕ್ಕಿನ ಭಯವಿಲ್ಲ ಎಂದು ಊಟದ ತಾಟಿನ ಪಕ್ಕದಲ್ಲೇ ಲೆಕ್ಕ ಬಿಡಿಸಿದರು. ಕೊನೆಗೆ ನನ್ನ ಕಡೆ ನೋಡಿ, "ಗಾಡಿ ತೂಕ ಇಳಸೂದು ಸುಲಭ ಐತಿ" ಎಂದು ಸುಮ್ಮನಾದರು. ಆ ಮಾತಿನ ಉಳಿದರ್ಧ ನನಗೆ ತಿಳಿಯಿತು. ಅಂದು ಅವರಿಗೆ ಎರಡನೆಯ ಸಲ ಸಾರು ಬಡಿಸಲಿಲ್ಲ.

ಕಮರಿಪೇಟೆಯಲ್ಲಿ ಯಲ್ಲಪ್ಪ ಎಂಬವರು ಫೈಬರ್ ಕೆಲಸ ಮಾಡುತ್ತಾರೆಂದು ತಿಳಿದು, ಅಪ್ಪನನ್ನೂ ಕರೆದುಕೊಂಡು ಹೋದೆವು. ಯಲ್ಲಪ್ಪ ಮುಖ್ಯವಾಗಿ ಉದ್ಯಾನಗಳಿಗೆ ಜಿಂಕೆ, ಸಿಂಹ, ಕಸದ ಬುಟ್ಟಿ ಹಿಡಿದ ಮೊಲಗಳನ್ನು ಮಾಡುವವರು. ನಮ್ಮ ಕಾರಿಗೆ ಹೊಂದುವ ಬಾನೆಟ್ಟು ಎರಡು ಸಿಂಹಗಳ ನಡುವೆ ಒರಗಿ ನಿಂತಿತ್ತು. ಅಪ್ಪ ಬೆರಳ ಗೆಣ್ಣಿನಿಂದ ಅದನ್ನು ಬಾರಿಸಿದರು. ಡಬ್ ಎಂದಿತು.

"ಇದೇನು ಬಿಸ್ಕೀಟ್ ಡಬ್ಬಿ ಸಪ್ಪಳಾತು" ಎಂದರು ಅಪ್ಪ.

"ಕಾಕಾ, ಸಪ್ಪಳ ಕೇಳಬ್ಯಾಡ್ರಿ, ಎತ್ತಿ ನೋಡ್ರಿ" ಎಂದರು ಯಲ್ಲಪ್ಪ.

ಅಪ್ಪ ಎರಡೂ ಕೈ ಚಾಚಿದರು. ನಾನು ಗಾಬರಿಯಾಗಿ ನಡುವೆ ನುಗ್ಗಿ, "ಬ್ಯಾಡ ಅಪ್ಪಾ, ನೀವು ಭಾರ ಎತ್ತಬಾರದು" ಎಂದು ಬಾನೆಟ್ಟನ್ನು ಕಸಿದುಕೊಂಡೆ. ಕಸಿದುಕೊಂಡ ಮೇಲೆ ಅದು ಎಷ್ಟು ಹಗುರಾಗಿದೆಯೆಂದು ತಿಳಿದು, ಸಂತೋಷ ತಡೆಯಲಾರದೆ ತಲೆಯ ಮೇಲೆತ್ತಿ ಅಂಗಳದಲ್ಲಿ ಒಂದು ಸುತ್ತು ಬಂದೆ. ಅಪ್ಪ ಚಾಚಿದ ಕೈಗಳನ್ನು ಹಾಗೆಯೇ ಹಿಂದಕ್ಕೆ ಕಟ್ಟಿಕೊಂಡು ಸಿಂಹದ ಪಕ್ಕದಲ್ಲಿ ನಿಂತರು. "ತಗಡಿಂದು ಮಾಡಸು" ಎಂದಷ್ಟೇ ಹೇಳಿದರು. ನಾನು ಫೈಬರಿನದನ್ನೇ ಆರಿಸಿದೆ.

ಯಲ್ಲಪ್ಪ ಬಾನೆಟ್ಟು, ಮಡ್‌ಗಾರ್ಡು ಎರಡನ್ನೂ ಕೂಡಿಸಿ ಕೆನೆಬಣ್ಣ ಬಳಿದು ಕೊಟ್ಟರು. ಆ ಕೆನೆ ಕಾರಿನ ಕೆನೆಯಾಗಿರದೆ ಜಿಂಕೆಯ ಹೊಟ್ಟೆಯ ಕೆನೆಯಾಗಿತ್ತು. ಆದರೂ ಕಾರು ಹೊಸ ಹುರುಪಿನಲ್ಲಿ ಓಡುತ್ತಿತ್ತು, ಅಥವಾ ಓಡುತ್ತಿದೆ ಎಂದು ನಾವು ಗಂಡಹೆಂಡಿರು ಒಬ್ಬರಿಗೊಬ್ಬರು ಹೇಳಿಕೊಂಡೆವು.

ಕಾರಹುಣ್ಣಿಮೆಯ ಸುಮಾರಿಗೆ, ಅಪ್ಪನ ಗಿರಣಿಯ ಗೆಳೆಯರೊಬ್ಬರ ಮೊಮ್ಮಗಳ ಮದುವೆಗೆಂದು ಧಾರವಾಡಕ್ಕೆ ಹೊರಟೆವು. ನಾನು ಓಡಿಸುತ್ತಿದ್ದೆ, ಪಕ್ಕದಲ್ಲಿ ಅಪ್ಪ, ಹಿಂದೆ ಶಿವಾನಂದ. ನವನಗರ ದಾಟಿದ ಮೇಲೆ ಗಾಳಿ ಜೋರಾಯಿತು. ಎದುರಿಗೆ ಒಂದು ಲಾರಿ ರಭಸದಿಂದ ಹಾದು ಹೋದದ್ದೇ ತಡ, ಬಾನೆಟ್ಟಿನ ಅಂಚು ಪಟಪಟ ಅಲುಗಿತು. "ಅದು ಏಳಾಕತ್ತೇತಿ" ಎಂದರು ಅಪ್ಪ. ಅವರ ಮಾತು ಮುಗಿಯುವಷ್ಟರಲ್ಲಿ ಬಾನೆಟ್ಟು ಎದ್ದು ಗಾಜಿಗೆ ಬಡಿಯಿತು. ನನಗೆ ರಸ್ತೆ ಕಾಣಲಿಲ್ಲ, ಜಿಂಕೆಬಣ್ಣವೊಂದೇ ಕಾಣುತ್ತಿತ್ತು. ಬ್ರೇಕು ಒತ್ತಿದೆ. ಕಾರು ಅಂಚಿಗೆ ಸರಿದು ನಿಂತಿತು. ಬಾನೆಟ್ಟು ಮಾತ್ರ ನಿಲ್ಲದೆ, ತಿರುಪು ಕಿತ್ತುಕೊಂಡು ತಲೆಯ ಮೇಲಿಂದ ಹಾರಿ, ಗಾಳಿಯಲ್ಲಿ ಎರಡು ಹೊರಳು ಹಾಕಿ ದೂರದ ಹೆಸರುಕಾಳಿನ ಹೊಲದಲ್ಲಿ ಇಳಿಯಿತು.

ಮೊದಲು ಅಪ್ಪನ ಎದೆಯ ಕಡೆ ನೋಡಿದೆ. ಅವರು ಆಗಲೇ ಬಾಗಿಲು ತೆರೆದು ಇಳಿದಿದ್ದರು. ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸೊಬ್ಬಳು ಎದ್ದು ನಿಂತು ಒಮ್ಮೆ ಬಾನೆಟ್ಟನ್ನೂ ಒಮ್ಮೆ ಆಕಾಶವನ್ನೂ ನೋಡುತ್ತಿದ್ದಳು. "ಯಪ್ಪಾ, ಇದು ನಿಮ್ದ ಏನ್ರಿ? ನಾ ಇಮಾನದ್ದು ಅನ್ಕೊಂಡಿದ್ನಿ" ಎಂದಳು.

ಅಪ್ಪ ಬದುವಿನ ಮೇಲೆ ನೆಟ್ಟಗೆ ನಡೆದುಹೋಗಿ, ಬಗ್ಗಿ, ಬಾನೆಟ್ಟನ್ನು ಎತ್ತಿದರು. ಭಾರವೆಂದು ಬಿಗಿಹಿಡಿದ ಅವರ ತೋಳು ಅದರ ಹಗುರಕ್ಕೆ ಸ್ವಲ್ಪ ಮೋಸಹೋದಂತೆ ಕಂಡಿತು. ಆಮೇಲೆ ಅದನ್ನು ತಲೆಯ ಮೇಲಕ್ಕೇರಿಸಿ, ಒಂದೇ ಕೈಯಿಂದ ಹಿಡಿದು, ಇನ್ನೊಂದು ಕೈ ಬೀಸುತ್ತ ರಸ್ತೆಯ ಕಡೆ ಬಂದರು. ಶಿವಾನಂದ ತೆಗೆದುಕೊಳ್ಳಲು ಓಡಿದರು.

"ಸರೀರಿ ಅತ್ತಾಗ" ಎಂದರು ಅಪ್ಪ. "ನಾ ತರ್ತೇನಿ."

ಅಣ್ಣ, ಅತ್ತಿಗೆ, ನಾನು ಸೇರಿ ಕೊಡೆಯವರೆಗೆ ಎಲ್ಲವನ್ನೂ ಕಸಿದುಕೊಂಡಿದ್ದ ಆ ಮನುಷ್ಯ ಕಾರಿನ ಒಂದು ಭಾಗವನ್ನೇ ಹೊತ್ತುಕೊಂಡು ಬರುತ್ತಿದ್ದರು. ಅವರ ಮುಖದಲ್ಲಿ ಎಷ್ಟೋ ತಿಂಗಳಿಂದ ನಾನು ಕಾಣದಿದ್ದ ಒಂದು ಜಂಬವಿತ್ತು. ಕಸಿದುಕೊಳ್ಳಲೆಂದು ಮುಂದೆ ಹೋದ ನನ್ನ ಕೈ ತಾನಾಗಿಯೇ ಕೆಳಗಿಳಿಯಿತು. ಹೊಲದಾಕೆ ಕೊಟ್ಟ ಹಗ್ಗದಿಂದ ಬಾನೆಟ್ಟನ್ನು ಕಾರಿನ ಮೇಲೆ ಕಟ್ಟಿ, ಎಂಜಿನ್ನನ್ನು ಊರಿಗೆಲ್ಲ ತೋರಿಸುತ್ತ ಮದುವೆಗೆ ಹೋದೆವು. ಅಕ್ಷತೆಯ ಹೊತ್ತಿನಲ್ಲಿ ಅಪ್ಪ ಮಂಟಪದ ಹೊರಗಿದ್ದರು, ಗೆಳೆಯರನ್ನು ಕರೆತಂದು "ಎತ್ತಿ ನೋಡ್ರಿ, ಏನೂ ಭಾರ ಇಲ್ಲ" ಎನ್ನುತ್ತಿದ್ದರು.

ಮರುದಿನ ನಾನು ತಗಡಿನದಕ್ಕೇ ಹೇಳಿಬರಲು ಹೊರಟಾಗ ಅಡ್ಡ ಬಂದವರೂ ಅವರೇ. "ಬಾನೆಟ್ಟಿಂದೇನು ತಪ್ಪು? ಬಿಗಿ ಇರ್ಲಿಲ್ಲ ಅಷ್ಟ" ಎಂದು, ಗಿರಣಿಯ ಹಳೆಯ ಚರ್ಮದ ಪಟ್ಟಿಗಳನ್ನು ಹುಡುಕಿ ತಂದು, ಬಕಲು ಜೋಡಿಸಿ, ಕಾರಿನ ಮೂತಿಗೆ ಎರಡು ಕಡೆ ಬಿಗಿದರು. ಅದಾದ ಮೇಲೆ ಎಂಥ ಗಾಳಿಗೂ ಅದು ಅಲುಗಿಲ್ಲ. ಕಷ್ಟವೆಂದರೆ, ಆ ಬಕಲುಗಳು ಅವರೊಬ್ಬರ ಮಾತನ್ನೇ ಕೇಳುತ್ತಿದ್ದವು. ರೇಡಿಯೇಟರಿಗೆ ನೀರು ಹಾಕಬೇಕಾದಾಗಲೆಲ್ಲ ನಾನು ಗೋಪನಕೊಪ್ಪಕ್ಕೆ ಫೋನು ಮಾಡುತ್ತಿದ್ದೆ. ಅಪ್ಪ ಆಟೋ ಹಿಡಿದು ಬಂದು, ಅಂಗಿಯ ತೋಳು ಮಡಚಿ, ಪಟ್ಟಿ ಬಿಚ್ಚಿ, ಬಾನೆಟ್ಟನ್ನು ಒಂದೇ ಕೈಯಲ್ಲಿ ಎತ್ತಿ ಹಿಡಿದು, "ಹಾಕು ನೀರು" ಎನ್ನುತ್ತಿದ್ದರು. ಬಸಮ್ಮ ತಮ್ಮ ಮಹಡಿಯ ಗ್ಯಾಲರಿಯಿಂದ ನೋಡುತ್ತಿದ್ದರು.

ಒಂದು ದಿನ ಅವಸರದಲ್ಲಿದ್ದಾಗ ನಾನೇ ಪ್ರಯತ್ನಿಸಿದೆ. ಪಟ್ಟಿಯನ್ನು ಸ್ವಲ್ಪ ಒಳಗೆ ಒತ್ತಿ ಎಳೆದರೆ ಸಾಕು, ತಾನೇ ಬಿಚ್ಚಿಕೊಳ್ಳುತ್ತದೆ. ಮತ್ತೆ ಬಿಗಿದು, ಕೈ ಒರೆಸಿಕೊಂಡು ಒಳಗೆ ಹೋಗಿ ಫೋನು ಮಾಡಿದೆ. "ಅಪ್ಪಾ, ಬರೂದಿಲ್ಲ ನನಗ, ಬಂದು ಬಿಚ್ಚಿ ಕೊಡ್ರಿ" ಎಂದೆ. ಬೇರು ಬಿಟ್ಟ ಬುದ್ಧಿಹಲ್ಲು ಕೀಳುವ ಡಾಕ್ಟರಿಗೆ ಒಂದು ಬಕಲು ಬಿಚ್ಚಲು ಬರುವುದಿಲ್ಲವೆಂದು ಇಡೀ ಓಣಿ ನಂಬಿದೆ. ನಂಬಲಿ.