ಗಾಂಧಾರಿ ಬಿದ್ದ ಕೋಳಿಸಾರು

ಒಂದು ಮುಷ್ಟಿಯೋ, ಅರ್ಧ ಮುಷ್ಟಿಯೋ. ಒಮ್ಮೊಮ್ಮೆ ಆ ದಿನ ಗಾಂಧಾರಿ ಮೆಣಸು ಕೊಯ್ದದ್ದು ನಾನೇ ಹೌದಾ ಎಂದೂ ಅನುಮಾನ ಬರುತ್ತದೆ. ನಾನೇ. ಹಿತ್ತಿಲಲ್ಲಿ ಬೇರೆ ಮೂರ್ಖರಿರಲಿಲ್ಲ.

ನನ್ನ ಹೆಂಡತಿ ವಾರಿಜಳ ಅಣ್ಣ ಊಟಕ್ಕೆ ಬರುವವನಿದ್ದ. ಅತ್ತೆಯ ಉತ್ತರಕ್ರಿಯೆಯ ದಿನ ಜಗಳಾಡಿ ತಂಗಿಯೊಡನೆ ಮಾತು ಬಿಟ್ಟವನು, ವರ್ಷಗಳ ಮೇಲೆ ಮಂಡೆಕೋಲಿನ ನಮ್ಮ ಮನೆ ಮೆಟ್ಟಿಲು ಹತ್ತಲಿದ್ದ.

"ಜಾಲ್ಸೂರು ಪೇಟೆಯಿಂದ ಕೋಳಿ, ಚಕ್ಕೆ, ಅರಶಿನ ಹುಡಿ ತನ್ನಿ. ತಲೆ ಓಡಿಸ್ಲಿಕ್ಕೆ ಹೋಗ್ಬೇಡಿ" ಎಂದಳು.

ಕೋಳಿ ಮಾತ್ರ ತಂದೆ. ಅಂಗಡಿಯ ಹುಡಿಗೆ ಏನೇನು ಬೆರೆಸುತ್ತಾರೆಂದು ಮೊಬೈಲಿನಲ್ಲಿ ನೋಡಿ ನನಗೆ ಆಗಷ್ಟೇ ಜ್ಞಾನೋದಯವಾಗಿತ್ತು. ಚಕ್ಕೆಯ ಬದಲಿಗೆ ಗುಡ್ಡದಿಂದ ದಾಲ್ಚಿನ್ನಿ ಎಲೆ, ಕಾಡಿನಿಂದ ರಾಮಪತ್ರೆ ತಂದೆ. ಅರಶಿನಕ್ಕೆಂದು ಹಿತ್ತಿಲ ಗಡ್ಡೆ ಕಿತ್ತೆ. ಮಸಾಲೆ ಅರೆಯುವ ಹೊಣೆಯನ್ನೂ ವಹಿಸಿಕೊಂಡೆ. ಮದುವೆಯಾದ ಮೇಲೆ ಮೊದಲ ಬಾರಿಗೆ! ವಾರಿಜಳಿಗೆ ಆಗಲೇ ಅನುಮಾನ ಬರಬೇಕಿತ್ತು.

ಸಾರು ಕುದಿಯಿತು.

"ಇದೆಂತ, ಬಾಣಂತಿ ಕೋಣೆಯ ವಾಸನೆ?" ಸೌಟಿನ ತುದಿಯನ್ನು ನಾಲಿಗೆಗೆ ಮುಟ್ಟಿಸಿದಳು. "ಕಹಿ! ಇದು ಮುಖಕ್ಕೆ ಹಚ್ಚುವ ಕಸ್ತೂರಿ ಅರಶಿನ ಮಾರಾಯ್ರೆ!"

ಅಷ್ಟರಲ್ಲಿ ಹೊರಗೆ ಜೀಪು ನಿಂತಿತು. ರಿಕ್ಷಾ ಎನ್ನುತ್ತಾಳೆ ಅವಳು. ಇರಲಿ. ಬೆಲ್ಲ, ನೀರು ಹಿಡಿದು ಅವಳು ಜಗಲಿಗೆ ಓಡಿದಳು. ಒಲೆಯ ಬಳಿ ನಾನೊಬ್ಬನೇ ಉಳಿದೆ. ಕಹಿ ಅಡಗಲೆಂದು ಹುಳಿಹುಳಿ ಬಿಂಬುಳಿ ಕಾಯಿ ಜಜ್ಜಿ ಹಾಕಿದೆ. ಅಡಗಲಿಲ್ಲ. ಗಾಂಧಾರಿ ಹಾಕಿದೆ. ಆಗಲೂ ಅಡಗಲಿಲ್ಲ, ಖಾರದ ಬೆಂಕಿಯ ಜೊತೆ ಸೇರಿಕೊಂಡಿತು!

ಭಾವ ರೊಟ್ಟಿ ಅದ್ದಿ ಬಾಯಿಗಿಟ್ಟ.

"ಹೇಗುಂಟು ಭಾವ?"

"ಲಾಯ್ಕುಂಟು."

ಎರಡನೇ ತುತ್ತಿಗೆ ಹಣೆ ಬೆವರಿತು. ಮೂರನೆಯದಕ್ಕೆ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು. ಬಡಿಸುತ್ತಿದ್ದ ವಾರಿಜ ನಿಂತುಬಿಟ್ಟಳು.

"ಅಣ್ಣಾ, ಹೋಗ್ಲಿ ಬಿಡು. ನನಗೂ ಅಮ್ಮನ ನೆನಪಾಗ್ತದೆ" ಎಂದು ತಾನೂ ಅತ್ತಳು.

ಅವನು ಏನೋ ಹೇಳಹೋದ. ಬರೀ ಬಿಕ್ಕಳಿಕೆ ಬಂತು. ಎಂಜಲಾಗದ ಎಡಗೈಯನ್ನು ತಂಗಿಯ ತಲೆಯ ಮೇಲಿಟ್ಟ. ಕೈ ತೊಳೆದು ಹೊರಟುಹೋದ. ಮತ್ತೆ ಬರಲಿಲ್ಲ. ಫೋನು ಮಾಡಿದರೆ ಎತ್ತುವುದಿಲ್ಲ.

"ಸತ್ಯ ಹೇಳಿ, ಎಷ್ಟು ಮೆಣಸು ಹಾಕಿದ್ದು?" ವಾರಿಜ ಈಗಲೂ ಕೇಳುತ್ತಾಳೆ. ಕಡಿಮೆ ಹಾಕಿದ್ದರೆ ಅಣ್ಣ ನಿಜವಾಗಿ ಅತ್ತಿದ್ದಾನೆ. ಜಾಸ್ತಿಯಾಗಿದ್ದರೆ ಅದು ಬರೀ ಖಾರ, ಅವಳಿಗೆ ಆ ಕಣ್ಣೀರೂ ಇಲ್ಲ. ಅವಳ ಮುಖ ನೋಡಿದಾಗೆಲ್ಲ ನನ್ನ ನೆನಪಿನಲ್ಲಿ ಮೆಣಸು ಕಡಿಮೆಯಾಗುತ್ತಾ ಬರುತ್ತದೆ.

ನಾನು ರುಚಿ ನೋಡಿದ್ದರೆ ಗೊತ್ತಿರುತ್ತಿತ್ತು. ಮಹಾಪಾಕತಜ್ಞ ಅಂದು ರೊಟ್ಟಿಗೆ ಬೆಲ್ಲ ಹಚ್ಚಿಕೊಂಡು ತಿಂದಿದ್ದ! ಉಳಿದ ಸಾರು ತೆಂಗಿನ ಬುಡಕ್ಕೆ ಹೋಯಿತು.

ಭಾವ ಯಾಕೆ ಅತ್ತನೆಂದು ನನಗೆ ಗೊತ್ತಿಲ್ಲ.