ಭಿನ್ನರಾಶಿಯ ಕುರಿತು ಒಂದು ಬಿನ್ನಹ

ಸೆಪ್ಟೆಂಬರ್ ೧೨, ಶುಕ್ರವಾರ. ನಾಲ್ಕನೇ ತರಗತಿಯ ಕೊಠಡಿ. ಮಕ್ಕಳು ಮನೆಗೆ ಹೋಗಿದ್ದಾರೆ. ಮೇಜಿನ ಮೇಲೆ ಗಣಿತದ ಮೂವತ್ತೊಂದು ಉತ್ತರಪತ್ರಿಕೆಗಳಿವೆ.

ಪಠ್ಯಕ್ರಮ ಸಮಿತಿಯ ಅಧ್ಯಕ್ಷರ ಸನ್ನಿಧಿಗೆ,

ಮಾನ್ಯರೇ,

ತಾವು ಕ್ಷೇಮವೆಂದೂ ತಮ್ಮ ಸಮಿತಿಯ ಸಭೆಗಳು ನಿರ್ವಿಘ್ನವಾಗಿ ನಡೆಯುತ್ತಿವೆಯೆಂದೂ ನಂಬಿದ್ದೇನೆ. ತಾವು ಕಳಿಸಿದ ವಾರ್ಷಿಕ ಪಾಠ ಹಂಚಿಕೆಯನ್ನು ಕಪ್ಪುಹಲಗೆಯ ಪಕ್ಕದಲ್ಲೇ ಅಂಟಿಸಿಕೊಂಡು, ಒಂದು ದಿನವೂ ಆಚೀಚೆ ಆಗದಂತೆ ಪಾಲಿಸಿದವಳು ನಾನು. ಅದರ ಪ್ರಕಾರ ಭಿನ್ನರಾಶಿಗಳನ್ನು ಕೂಡುವ ಪಾಠ ಆಗಸ್ಟಿನಲ್ಲಿ ಮುಗಿದಿದೆ. ಭಿನ್ನರಾಶಿ ಎಂದರೇನು ಎಂಬ ಪಾಠ ನವೆಂಬರಿನಲ್ಲಿ ಬರಲಿದೆ.

ಇದು ಅಚ್ಚಿನ ತಪ್ಪಿರಬಹುದೆಂದು ಮೊದಲು ಅಂದುಕೊಂಡದ್ದಕ್ಕೆ ಕ್ಷಮಿಸಬೇಕು. ಪರಿಚಯವೇ ಇಲ್ಲದವರನ್ನು ಮೊದಲು ಒಟ್ಟು ಸೇರಿಸಿ, ಅವರು ಯಾರೆಂಬುದನ್ನು ಮೂರು ತಿಂಗಳ ಮೇಲೆ ತಿಳಿಸುವ ಈ ಕ್ರಮ ತಮ್ಮ ಸಮಿತಿಯ ಸ್ವಂತ ಅನುಭವದಿಂದಲೇ ಬಂದಿರಬೇಕೆಂದು ಆಮೇಲೆ ಹೊಳೆಯಿತು.

ತರಗತಿಯವರು 'ಪ್ರಶ್ನೆಪತ್ರಿಕೆ' ಎಂದೇ ಕರೆಯುವ ಹುಡುಗಿಯೊಬ್ಬಳು ಆಗಸ್ಟಿನಲ್ಲಿ ಎದ್ದು ನಿಂತು, "ಟೀಚರ್, ಮೇಲೊಂದು ಕೆಳಗೊಂದು ಅಂಕಿ ಯಾಕೆ? ಜಾಗ ಸಾಲ್ಲಿಲ್ವಾ?" ಎಂದಳು. "ಅದು ನವೆಂಬರಲ್ಲಿ ಬರುತ್ತಮ್ಮ, ಕೂತ್ಕೋ" ಎಂದೆ. ಕೂತಳು. ಈಗ ಪರೀಕ್ಷೆಯಲ್ಲಿ ಅರ್ಧಕ್ಕೆ ಅರ್ಧ ಕೂಡಿಸಿ ನಾಲ್ಕರಲ್ಲಿ ಎರಡು ಎಂದು ಬರೆದಿದ್ದಾಳೆ: ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು, ಯಾರಿಗೂ ಅನ್ಯಾಯವಿಲ್ಲ. ಉಳಿದ ಲೆಕ್ಕಗಳಿಗೂ ಇದೇ ನ್ಯಾಯ. ಏನೂ ಕೇಳದೆ ಬಾಯಿಪಾಠ ಮಾಡಿದವರಿಗೆ ಪೂರ್ತಿ ಅಂಕ; ಕೇಳಿದವಳಿಗೆ ಸೊನ್ನೆ.

ತಮ್ಮ ಸುತ್ತೋಲೆಯಂತೆ ಸೊನ್ನೆ ಪಡೆದವರ ಹೆಸರನ್ನು ಸೋಮವಾರ 'ನಿಧಾನ ಕಲಿಕೆ'ಯ ಪಟ್ಟಿಗೆ ಸೇರಿಸಬೇಕು. ಸೇರಿಸಿದರೆ ವರ್ಷವಿಡೀ ಅವಳು ಹಿಂದಿನ ಕೊಠಡಿಯಲ್ಲಿ ಮಗ್ಗಿ ಬರೆಯುತ್ತ ಕೂರಬೇಕು. ಅಲ್ಲಿಗೆ ನವೆಂಬರಿನ ಪಾಠ ಬರುವುದೇ ಇಲ್ಲ. ಮುಖ್ಯೋಪಾಧ್ಯಾಯರ ಬಳಿ ಹೇಳಿಕೊಂಡೆ. "ಪೋರ್ಷನ್ ಮುಗೀತಲ್ಲ ಮೇಡಂ, ಇನ್ನೇನು?" ಎಂದರು. ಮುಗಿದದ್ದು ನಿಜ. ಶುರುವಾಗಿರಲಿಲ್ಲ, ಅಷ್ಟೆ.

ಆದ್ದರಿಂದ ನವೆಂಬರ್ ತಿಂಗಳು ಆಗಸ್ಟಿಗಿಂತ ಮುಂಚೆ ಬರುವಂತೆ ತಾವು ಆದೇಶ ಹೊರಡಿಸಬೇಕು. ಅದು ತಮ್ಮ ವ್ಯಾಪ್ತಿಗೆ ಬಾರದಿದ್ದರೆ, ಯಾವ ಮಗುವಿಗೆ ಯಾವ ದಿನ ಅನುಮಾನ ಹುಟ್ಟಬೇಕೆಂಬ ವೇಳಾಪಟ್ಟಿಯನ್ನಾದರೂ ಕಳಿಸಿಕೊಡಬೇಕು. ಮಕ್ಕಳಿಂದ ಸಹಿ ಮಾಡಿಸಿ ಹಿಂದಿರುಗಿಸುತ್ತೇನೆ.

ಮೊನ್ನೆಯವರೆಗೂ ತಮ್ಮ ವಿಶ್ವಾಸಿಯಾಗಿದ್ದ,
ನಾಲ್ಕನೇ ತರಗತಿಯ ಶಿಕ್ಷಕಿ

ಮರೆತ ಮಾತು: ಸೋಮವಾರ ಮೊದಲ ಪೀರಿಯಡ್ಡಿನಲ್ಲಿ ನವೆಂಬರಿನ ಪಾಠ ಮಾಡುವುದೆಂದೂ, ಪಟ್ಟಿಯಲ್ಲಿ ಆ ಹುಡುಗಿಯ ಬದಲು ನನ್ನ ಹೆಸರು ಬರೆಯುವುದೆಂದೂ ತೀರ್ಮಾನಿಸಿದ್ದೇನೆ. ಪಟ್ಟಿಯನ್ನು ಇನ್ನೂ ತುಂಬಿಲ್ಲ. ಅದರಲ್ಲಿ ಹೆಸರು ಬರೆಯಲು ಎರಡು ಸಾಲುಗಳಿವೆ; ನನಗೆ ಒಂದು ಸಾಕು. ತಮ್ಮ ಪೂರ್ಣ ಹೆಸರನ್ನು ಸೋಮವಾರದೊಳಗೆ ತಿಳಿಸಿದರೆ ಉಪಕಾರವಾಗುತ್ತದೆ.